ಐದು ಮನೆ, ಐದು ಪ್ಲೇಟು

ಹೊಸ ಕ್ಲಚ್ ಹಾಕಿಸಿದ ಇಪ್ಪತ್ತೆರಡನೆಯ ದಿನಕ್ಕೆ ಬೈಕು ಮತ್ತೆ ಜಾರತೊಡಗಿತು. ಜಾರಿತು ಎಂದರೆ ನಾನು ಬಿದ್ದೆ ಎಂದಲ್ಲ. ಗೇರು ಬಿದ್ದಿರುತ್ತದೆ, ಎಂಜಿನ್ ಕಿರುಚುತ್ತಿರುತ್ತದೆ, ಆದರೆ ಆ ಕಿರುಚಾಟದ ಶಕ್ತಿ ಹಿಂದಿನ ಚಕ್ರಕ್ಕೆ ತಲುಪುವುದಿಲ್ಲ. ನಡುವೆ ಇರುವ ಕ್ಲಚ್ ಪ್ಲೇಟುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುವ ಬದಲು ಸವರಿಕೊಂಡು ತಿರುಗುತ್ತಿರುತ್ತವೆ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನೀರುಮಾರ್ಗ ಎಂಬ ಊರಿನಾಚೆಯ ಗುಡ್ಡದ ಕೆಂಪುಕಲ್ಲಿನ ಏರಿನಲ್ಲಿ, ಬೆನ್ನಿಗೆ ರಕ್ತದ ಮಾದರಿಗಳ ತಂಪು ಪೆಟ್ಟಿಗೆ ಕಟ್ಟಿಕೊಂಡಿರುವಾಗ, ಬೆಳಗ್ಗೆ ಏಳು ಗಂಟೆಗೆ ಚೆನ್ನಾಗಿ ಗೊತ್ತಾಗುತ್ತದೆ.

ಕಂಕನಾಡಿಯ ಒಂದು ಲ್ಯಾಬಿಗೆ ನಾನು ಮನೆಮನೆಗೆ ಹೋಗಿ ರಕ್ತ ತೆಗೆದು ತರುತ್ತೇನೆ. ಪ್ರತಿ ಸೋಮವಾರ ಗುಡ್ಡದ ಸುತ್ತು: ಐದು ಮನೆ, ಐದರಲ್ಲೂ ಹಾಸಿಗೆ ಬಿಟ್ಟು ಬರಲಾಗದವರು. ಕಾಂಕ್ರೀಟು ರಸ್ತೆ ಮುಗಿದ ಮೇಲೆ ಸ್ಕೂಟರು ಹತ್ತುವುದಿಲ್ಲ, ರಿಕ್ಷಾದವರು ಬರುವುದಿಲ್ಲ. ಅದಕ್ಕೇ ನಾನು ಈ ಇನ್ನೂರು ಸಿಸಿಯ, ಎತ್ತರದ, ಮಣ್ಣುದಾರಿಗೆಂದೇ ಮಾಡಿದ ಬೈಕನ್ನು ತೆಗೆದುಕೊಂಡದ್ದು. ಐದನೆಯ ಮನೆ ಬಾಸಿಲ್ ಅಂಕಲ್‌ರದ್ದು. ಎಪ್ಪತ್ನಾಲ್ಕು ವರ್ಷ, ಒಂದು ಕಾಲಿಲ್ಲ, ಹೃದಯದಲ್ಲಿ ಲೋಹದ ಕವಾಟ ಉಂಟು. ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕೆಂದು ಅವರ ಡಾಕ್ಟರು ಪ್ರತಿ ವಾರದ ಪರೀಕ್ಷೆ ನೋಡಿ ಹೇಳುತ್ತಾರೆ. ಹೆಚ್ಚಾದರೆ ಒಳಗೆ ರಕ್ತಸ್ರಾವ, ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು. ನಾನು ಹೋಗದಿದ್ದರೆ ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಯವರೆಗೆ ಹೊರಬೇಕು. ಆ ನಾಲ್ಕು ಜನ ಈಗ ಆ ಗುಡ್ಡದಲ್ಲಿ ಇಲ್ಲ.

ಕಳೆದ ತಿಂಗಳು ಹಳೆಯ ಕ್ಲಚ್ ಪೂರ್ತಿ ಸವೆದು ಒಂದು ಸೋಮವಾರ ತಪ್ಪಿತ್ತು. ಹೊಸತು ಜಾರಿ ಇದು ಎರಡನೆಯದು. ಮನೆ ಭೇಟಿಗಳನ್ನು ನೋಡಿಕೊಳ್ಳುವ ಚೈತಾಲಿ ಮೇಡಂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ವಾದಿಸಬಹುದಿತ್ತು.

"ದೀಕ್ಷಿತಾ, ನಾನು ಮೇಲಿನವರಿಗೆ ಎಂತ ಹೇಳಲಿ? ಬರುವ ಸೋಮವಾರವೂ ತಪ್ಪಿದ್ರೆ ಗುಡ್ಡದ ಸುತ್ತು ನಿಲ್ಲಿಸ್ಲಿಕ್ಕೆ ಹೇಳಿದ್ದಾರೆ. ಆ ಐದು ಮನೆಯವರಿಗೆ, ನೀವೇ ಬೇರೆ ವ್ಯವಸ್ಥೆ ಮಾಡ್ಕೊಳ್ಳಿ ಅಂತ ಫೋನ್ ಮಾಡುವುದು. ನಿಮಗೆ ಇಲ್ಲೇ ಕೌಂಟರಿನಲ್ಲಿ ಡ್ಯೂಟಿ."

ಬೇರೆ ವ್ಯವಸ್ಥೆ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಬೈಕಂಪಾಡಿಯಲ್ಲಿ ಗ್ಯಾರೇಜು ಇಟ್ಟಿರುವ ಬಶೀರಣ್ಣನಿಗೆ ಅವತ್ತೇ ಫೋನು ಮಾಡಿದೆ. ಕ್ಲಚ್ ಹಾಕಿದ್ದು ಅವರೇ. ನಾನು ನಮಸ್ಕಾರ ಕೂಡ ಹೇಳಲಿಲ್ಲ.

"ನೀವು ಹಾಕಿದ್ದು ಡುಪ್ಲಿಕೇಟ್ ಪ್ಲೇಟು ಬಶೀರಣ್ಣ. ಮೂರು ವಾರಕ್ಕೆ ಸವೆದುಹೋಯ್ತು."

"ಡುಪ್ಲಿಕೇಟಾ? ಮೇಡಂ, ಪ್ಯಾಕೆಟ್ ನಿಮ್ಮ ಎದುರೇ ಒಡೆದದ್ದಲ್ವಾ? ಎಣ್ಣೆ ಎಂತದು ಹಾಕಿದ್ದೀರಿ?"

"ಎಣ್ಣೆ ನೀವೇ ಹಾಕಿದ್ದು. ಆಮೇಲೆ ಯಾರೂ ಮುಟ್ಟಲಿಲ್ಲ."

"ಯಾರೂ?"

"ನನ್ನ ಬೈಕನ್ನು ಬೇರೆ ಯಾರು ಮುಟ್ತಾರೆ?"

"ಹಾಗಾದ್ರೆ ತನ್ನಿ, ನಿಮ್ಮ ಎದುರೇ ಬಿಚ್ಚಿ ತೋರಿಸ್ತೇನೆ. ಆದ್ರೆ ಈ ವಾರ ಆಗ್ಲಿಕ್ಕಿಲ್ಲ, ತಂಗಿ ಮಗಳು ನಜ್ಲಾನ ಮದುವೆ. ಬರುವ ಮಂಗಳವಾರ ಬನ್ನಿ."

ಮಂಗಳವಾರ! ಬೇರೆ ಇಬ್ಬರು ಮೆಕ್ಯಾನಿಕ್ಕುಗಳನ್ನು ಕೇಳಿದೆ. ಒಬ್ಬರು ಈ ಮಾಡೆಲ್ ಮುಟ್ಟುವುದಿಲ್ಲ ಎಂದರು. ಇನ್ನೊಬ್ಬರು, "ಇದು ಲೇಡೀಸಿಗೆ ಆಗುವ ಗಾಡಿ ಅಲ್ಲ, ಕೊಟ್ಟುಬಿಡಿ," ಎಂದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. ಆಮೇಲೆ ಬೈಕಿನ ಸರ್ವಿಸ್ ಪುಸ್ತಕ ತೆಗೆದು ಕೂತೆ. ಹದಿನೇಳು ಹಂತ. ಲ್ಯಾಬಿನಲ್ಲಿ ಇದಕ್ಕಿಂತ ಉದ್ದದ ವಿಧಾನಗಳನ್ನು ದಿನವೂ ಮಾಡುತ್ತೇನೆ. ಭಾನುವಾರ ನಾನೇ ಬಿಚ್ಚುವುದೆಂದು ನಿರ್ಧರಿಸಿದೆ.

ಶನಿವಾರ ಬೆಳಗ್ಗೆ ಕಂಕನಾಡಿಯ ಅಂಗಡಿಯಿಂದ ಹೊಸ ಪ್ಲೇಟುಗಳ ಪ್ಯಾಕೆಟು ತಂದೆ. ಹೊಸ ಕ್ಲಚ್ ಪ್ಲೇಟುಗಳನ್ನು ಒಣಗಿದ್ದ ಹಾಗೆಯೇ ಹಾಕಬಾರದು. ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಬೇಕು. ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಮಣ್ಣಗುಡ್ಡದ ನಮ್ಮ ಮನೆಯ ಜಗಲಿಯಲ್ಲಿ ಬೋಜಮಾಮ ಚಹಾ ಕುಡಿಯುತ್ತಿದ್ದರು.

ಬೋಜಮಾಮ ಅಮ್ಮನ ಅಣ್ಣ. ಇಪ್ಪತ್ತೇಳು ವರ್ಷ ಮಸ್ಕತ್ತಿನಲ್ಲಿ ಒಂದೇ ಅರಬ್ಬಿ ಮನೆಗೆ ಡ್ರೈವರ್ ಆಗಿದ್ದವರು. ಎರಡು ತಿಂಗಳ ಹಿಂದೆ ಊರಿಗೆ ಬಂದರು, ಅವರ ಹಿಂದೆಯೇ ಹಡಗಿನಲ್ಲಿ ಅವರ ಕಾರ್ಗೋ ಬಂತು: ಎರಡು ಕಂಬಳಿ, ಮೂರು ಟಾರ್ಚು, ಖರ್ಜೂರ, ಹಾಲಿನ ಪುಡಿ, ಒಂದು ಕಾರು ಜಾಕ್. ನಮ್ಮಲ್ಲಿ ಕಾರಿಲ್ಲ. ಸೋದರಮಾವಂದಿರ ಮಾತಿಗೆ ನಮ್ಮ ಮನೆಗಳಲ್ಲಿ ತೂಕ ಹೆಚ್ಚು. ಅವರು ಹೇಳಿದ್ದನ್ನು ಕೇಳಿ ಸುಮ್ಮನಿರಬಹುದು, ಎದುರು ಮಾತಾಡಲಿಕ್ಕಿಲ್ಲ.

"ಮಾಮ, ಈ ಐದು ಪ್ಲೇಟನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಎಣ್ಣೆ ಹಾಕಿ ಮುಳುಗಿಸಿ. ನಾಳೆಯವರೆಗೆ ಇರ್ಲಿ," ಎಂದು ಹೇಳಿ ಓಡಿದೆ. ಬೈಕಿನ ಎಣ್ಣೆಯ ಒಂದು ಲೀಟರ್ ಬಾಟಲಿ ಅಲ್ಲೇ ಕಿಟಕಿಯ ಮೇಲಿತ್ತು. ಲ್ಯಾಬಿನಲ್ಲಿ ಹೊಸಬರಿಗೆ ಈ ತರಹದ ಅರೆಬರೆ ಸೂಚನೆ ಯಾರಾದರೂ ಕೊಟ್ಟಿದ್ದರೆ ಮೊದಲು ಬೈಯುವವಳು ನಾನೇ.

ಭಾನುವಾರ ಎಂಟಕ್ಕೆ ಅಂಗಳದಲ್ಲಿ ಹಳೆಯ ಬೆಡ್‌ಶೀಟು ಹಾಸಿ ಶುರುಮಾಡಿದೆ. ಪುಸ್ತಕ ಎಡಗಡೆ, ಬಿಚ್ಚಿದ್ದನ್ನು ಕ್ರಮವಾಗಿ ಜೋಡಿಸಲು ಬಲಗಡೆ ಅಮ್ಮನ ಇಡ್ಲಿ ತಟ್ಟೆಗಳು.

"ಇಡ್ಲಿ ತಟ್ಟೆಯಲ್ಲಿ ನಟ್ಟು ಬೋಲ್ಟು ಇಡುವುದಾ? ನಾಳೆ ಅದರಲ್ಲೇ ತಿಂತೀಯಲ್ಲ!" ಅಮ್ಮ ಬಾಗಿಲಲ್ಲಿ ನಿಂತು ಹೇಳಿದರು.

"ಗುಂಡಿ ಗುಂಡಿ ಉಂಟಲ್ಲ ಅಮ್ಮ, ಒಂದೊಂದರಲ್ಲಿ ಒಂದೊಂದು ಇಡ್ಲಿಕ್ಕಾಗ್ತದೆ. ತೊಳೆದು ಕೊಡ್ತೇನೆ."

"ತೊಳೆದು ಕೊಡ್ತಾಳಂತೆ. ಕಳೆದ ಸಲ ತೊಳೆದ ಬಾಣಲೆಯಲ್ಲಿ ಈಗ್ಲೂ ಪೆಟ್ರೋಲಿನ ವಾಸನೆ ಉಂಟು."

ಕಂಪೌಂಡಿನ ಆಚೆಯಿಂದ ತಾರಾನಾಥಣ್ಣನ ತಲೆ ಕಾಣಿಸಿತು. ಪಕ್ಕದ ಮನೆಯವರು, ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ನಮ್ಮ ಅಂಗಳವೇ ಹೋಟೆಲು. "ಎಂತ ಡಾಕ್ಟ್ರೇ, ಆಪರೇಷನ್ನಾ?" ಎಂದರು. ನಾನು ಡಾಕ್ಟರ್ ಅಲ್ಲವೆಂದು ಏಳು ವರ್ಷದಿಂದ ಹೇಳುತ್ತಿದ್ದೇನೆ.

ಮೊದಲು ಎಣ್ಣೆ ಇಳಿಸಬೇಕು. ಬಶೀರಣ್ಣ ಸರಿಯಾಗಿ ಒಂದು ಲೀಟರ್ ಅಳೆದು ಹಾಕಿದ್ದನ್ನು ನಾನು ನಿಂತು ನೋಡಿದ್ದೆ. ಗುರುತು ಹಾಕಿದ ಜಗ್ಗನ್ನು ಅಡಿಗಿಟ್ಟು ಬೋಲ್ಟು ಬಿಚ್ಚಿದೆ. ಎಣ್ಣೆ ಇಳಿಯಿತು, ಇಳಿಯಿತು, ಒಂದು ಲೀಟರಿನ ಗೆರೆ ದಾಟಿ ಇನ್ನೂ ಇಳಿಯಿತು. ಕೊನೆಗೆ ನಿಂತದ್ದು ಒಂದು ಕಾಲು ಲೀಟರಿನ ಮೇಲೆ, ಒಂದೂವರೆಗೆ ಸ್ವಲ್ಪ ಕೆಳಗೆ. ಬಾಗಿ ಮತ್ತೊಮ್ಮೆ ಓದಿದೆ. ಎಂಜಿನ್ನಿನಲ್ಲಿ ಎಣ್ಣೆ ಸುಟ್ಟು ಕಡಿಮೆಯಾಗಬಹುದು, ಆದರೆ ಎಂಜಿನ್ ಹಸುವಿನ ಹಾಗೆ ಎಣ್ಣೆ ಕರೆಯುವುದಿಲ್ಲ.

ಆ ಪ್ರಶ್ನೆಯನ್ನು ಬದಿಗಿಟ್ಟು ಮುಂದುವರಿದೆ. ಬಲಬದಿಯ ಮುಚ್ಚಳ ತೆಗೆದು, ನಾಲ್ಕು ಸ್ಪ್ರಿಂಗ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ಹೊರಗೆ ತಂದು ಒರಸಿ ವರ್ನಿಯರಿನಲ್ಲಿ ಅಳೆದೆ. ಹೊಸ ಪ್ಲೇಟಿನ ದಪ್ಪ ಮೂರು ಮಿಲಿಮೀಟರ್. ಎರಡು ಪಾಯಿಂಟ್ ಆರಕ್ಕೆ ಇಳಿದರೆ ಬದಲಿಸಬೇಕೆಂದು ಪುಸ್ತಕ ಹೇಳುತ್ತದೆ. ನನ್ನ ಕೈಯಲ್ಲಿದ್ದದ್ದು ಎರಡು ಪಾಯಿಂಟ್ ಒಂಬತ್ತು ಐದು. ಎರಡನೆಯದೂ ಅಷ್ಟೇ. ಐದೂ ಅಷ್ಟೇ. ಅವು ಸವೆದೇ ಇರಲಿಲ್ಲ. ಡುಪ್ಲಿಕೇಟ್ ಎಂದು ಬಶೀರಣ್ಣನ ಮೇಲೆ ಕೂಗಾಡಿದ್ದೆನಲ್ಲ, ಆ ಪ್ಲೇಟುಗಳು ಅವರು ಹಾಕಿದ ದಿನ ಹೇಗಿದ್ದವೋ ಹಾಗೇ ಇದ್ದವು. ಮೇಲ್ಮೈ ಮಾತ್ರ ವಿಚಿತ್ರವಾಗಿ ಹೊಳೆಯುತ್ತಿತ್ತು, ಎಣ್ಣೆ ತಿಕ್ಕಿದ ನೆತ್ತಿಯ ಹಾಗೆ.

"ಮಾಮ," ಎಂದೆ. ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. "ಈ ಬೈಕಿಗೆ ಯಾರಾದ್ರೂ ಎಣ್ಣೆ ಹಾಕಿದ್ದಾರಾ?"

ಬೋಜಮಾಮನ ಮುಖ ಅರಳಿತು. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವರ ಹಾಗೆ.

"ಮತ್ತೆ? ಪ್ರತಿ ಶನಿವಾರ ನಾನೇ ಅಲ್ವಾ ನೋಡುವುದು. ನೀನು ಗಾಡಿ ಓಡಿಸ್ತೀಯ ಮಗಾ, ಆದ್ರೆ ಎಣ್ಣೆ ನೋಡುವ ಅಭ್ಯಾಸ ಇಲ್ಲ ನಿನಗೆ. ಆ ಕನ್ನಡಿಯಲ್ಲಿ ಎಣ್ಣೆ ಕಾಣ್ಲಿಕ್ಕೇ ಇಲ್ಲ! ನಾಲ್ಕು ವಾರವೂ ಖಾಲಿ. ಸ್ವಲ್ಪ ಸ್ವಲ್ಪ ತುಂಬಿಸಿ ಇಟ್ಟೆ."

ಎಂಜಿನ್ನಿನ ಬಲಗಡೆ ಎಣ್ಣೆಯ ಮಟ್ಟ ನೋಡಲು ಒಂದು ಪುಟ್ಟ ಗಾಜಿನ ಕಿಂಡಿ ಉಂಟು. ಬೈಕನ್ನು ನೆಟ್ಟಗೆ ಹಿಡಿದು ನೋಡಬೇಕು. ಪಕ್ಕದ ಸ್ಟ್ಯಾಂಡಿನಲ್ಲಿ ನಿಂತ ಬೈಕು ಎಡಕ್ಕೆ ವಾಲಿರುತ್ತದೆ, ಎಣ್ಣೆಯೂ ಎಡಕ್ಕೆ ಹೋಗಿರುತ್ತದೆ, ಬಲಗಡೆಯ ಕಿಂಡಿ ಯಾವಾಗಲೂ ಖಾಲಿ ಕಾಣುತ್ತದೆ. ಇಪ್ಪತ್ತೇಳು ವರ್ಷ ನಾಲ್ಕು ಚಕ್ರದ ಮೇಲೆ ನೆಟ್ಟಗೆ ನಿಂತ ಗಾಡಿಗಳನ್ನೇ ನೋಡಿದವರಿಗೆ ಇದು ಹೊಳೆಯಬೇಕೆಂದು ಹೇಗೆ ನಿರೀಕ್ಷಿಸುವುದು? ಇಷ್ಟೇ ಆಗಿದ್ದರೆ ಎಣ್ಣೆ ಹೆಚ್ಚಾಗುತ್ತಿತ್ತು, ಅಷ್ಟೇ.

"ಯಾವ ಎಣ್ಣೆ ಮಾಮ?"

ಅವರು ಎದ್ದು ಒಳಗೆ ಹೋದರು. ಬರುವಾಗ ಎರಡೂ ಕೈಯಲ್ಲಿ, ದೇವರ ಕೋಣೆಯಿಂದ ತರುವ ಹಾಗೆ, ನಾಲ್ಕು ಲೀಟರಿನ ಒಂದು ಕ್ಯಾನು.

"ಕಾರ್ಗೋದಲ್ಲಿ ಬಂದದ್ದು. ನಮ್ಮ ಅರಬ್ಬಿ ಅವನ ಹೊಸ ಗಾಡಿಗೆ ಇದನ್ನೇ ಹಾಕುವುದು. ಇಲ್ಲಿ ಯಾವ ಬಂಕಿನಲ್ಲೂ ಸಿಗ್ಲಿಕ್ಕಿಲ್ಲ. ಬೆರಳಿಗೆ ತಾಗಿಸಿ ನೋಡು ಮಗಾ, ಎಂತ ನುಣುಪು!"

ಕ್ಯಾನಿನ ಬೆನ್ನಿನ ಸಣ್ಣ ಅಕ್ಷರ ಓದಿದೆ. ಕಾರಿನ ಎಣ್ಣೆ. ಇಂಧನ ಉಳಿಸಲು ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿದೆ ಎಂದು ಹೆಮ್ಮೆಯಿಂದ ಬರೆದಿತ್ತು. ಕಾರಿನಲ್ಲಿ ಕ್ಲಚ್ ಎಂಜಿನ್ ಎಣ್ಣೆಯಿಂದ ದೂರ ಇರುತ್ತದೆ, ಅಲ್ಲಿ ಈ ನುಣುಪು ಒಳ್ಳೆಯದೇ. ನನ್ನ ಬೈಕಿನಲ್ಲಿ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಮತ್ತು ಕ್ಲಚ್ಚಿನ ಕೆಲಸವೇ ಘರ್ಷಣೆ. ಎಣ್ಣೆ ಎಷ್ಟು ಉತ್ತಮವೋ ಕ್ಲಚ್ಚಿಗೆ ಅಷ್ಟು ಕೆಟ್ಟದ್ದು. ಜಗತ್ತಿನ ಎಲ್ಲ ಊರಿನಲ್ಲೂ ಬೈಕಿಗೆ ತಪ್ಪು ಎಣ್ಣೆ ಹಾಕುವವರಿದ್ದಾರು. ಸಮುದ್ರ ದಾಟಿಸಿ ತಂದು, ದೇವರ ಕೋಣೆಯ ಪಕ್ಕ ಕಾಪಾಡಿ, ಪ್ರೀತಿಯಿಂದ ತಪ್ಪು ಎಣ್ಣೆ ಹಾಕುವವರು ನಮ್ಮ ಕಡೆ ಮಾತ್ರ ಸಿಕ್ಕಾರು.

ಆಮೇಲೆ ನನಗೆ ಇನ್ನೊಂದು ನೆನಪಾಯಿತು. ಜಗಲಿಯ ಕಡೆ ತಿರುಗಿ ನೋಡಿದೆ. ಕಿಟಕಿಯ ಮೇಲೆ ಬೈಕಿನ ಎಣ್ಣೆಯ ಬಾಟಲಿ ಸೀಲು ಸಹಿತ ಹಾಗೇ ಇತ್ತು.

"ಮಾಮ, ನಿನ್ನೆ ಪ್ಲೇಟು ನೆನೆಹಾಕಿದ್ದು..."

"ಇದರಲ್ಲೇ! ಇಂಥ ಕೆಲಸಕ್ಕೆ ಆ ಲೋಕಲ್ ಬಾಟಲಿ ಯಾಕೆ? ಚೆನ್ನಾಗಿ ಎರಡೂ ಬದಿ ಉಜ್ಜಿ ಉಜ್ಜಿ ಹಾಕಿದ್ದೇನೆ."

ನಾನು ವರ್ನಿಯರನ್ನು ಅದರ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದೆ. ಕೈಯಲ್ಲಿ ಏನಾದರೂ ಇದ್ದರೆ ಎಸೆಯುತ್ತೇನೋ ಎಂದು ಭಯವಾಯಿತು. ಭಾನುವಾರ, ಬಿಡಿಭಾಗದ ಅಂಗಡಿಗಳೆಲ್ಲ ಬಾಗಿಲು. ನಾಳೆ ಬೆಳಗ್ಗೆ ಏಳೂವರೆಗೆ ಬಾಸಿಲ್ ಅಂಕಲ್ ತೋಳು ಚಾಚಿ ಕೂತಿರುತ್ತಾರೆ.

"ಮಾಮ, ಈ ಎಣ್ಣೆಯಿಂದಲೇ ಕ್ಲಚ್ ಜಾರಿದ್ದು," ಎಂದೆ, ಸಾಧ್ಯವಾದಷ್ಟು ಮೆತ್ತಗೆ.

"ಎಂತ ಮಾತಾಡ್ತಿ? ಇಪ್ಪತ್ತೇಳು ವರ್ಷ ಒಂದು ಗಾಡಿ ನನ್ನ ಕೈಯಲ್ಲಿ ದಾರಿಯಲ್ಲಿ ನಿಂತದ್ದಿಲ್ಲ."

"ಅದು ಕಾರು. ಇದು ಬೈಕು."

"ಎಂಜಿನ್ ಅಂದ್ರೆ ಎಂಜಿನ್ನೇ."

"ಫಾರಿನ್ ಎಣ್ಣೆಯಿಂದ ಗಾಡಿ ಹಾಳಾಗ್ತದಾ ಮಾರಾಯ್ತಿ?" ತಾರಾನಾಥಣ್ಣ ಗೋಡೆಗೆ ಮೊಣಕೈ ಊರಿದರು. "ನಮ್ಮ ಹೋಟೆಲಿಗೆ ಫಾರಿನ್ ಎಣ್ಣೆ ಸಿಕ್ಕಿದ್ರೆ ನಾನು ಕಣ್ಣಿಗೆ ಒತ್ತಿಕೊಳ್ತಿದ್ದೆ."

"ನಿಮ್ಮದು ಗೋಳಿಬಜೆ ಕರಿಯುವ ಎಣ್ಣೆ ತಾರಾನಾಥಣ್ಣ."

"ಹಾಂ, ಅದರಲ್ಲೂ ನುಣುಪು ಬೇಕು."

ಸರಿ, ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಮೀನಿನವಳ ತಕ್ಕಡಿಯ ಮೇಲೆ ಅನುಮಾನಪಟ್ಟು ಅಮ್ಮ ತರಿಸಿಕೊಂಡಿದ್ದ, ಕೊಕ್ಕೆಯಿರುವ ತೂಕದ ಯಂತ್ರ ತಂದೆ. ಕ್ಲಚ್ ಪ್ಲೇಟುಗಳ ನಡುವೆ ಕೂರುವ ಒಂದು ಸ್ಟೀಲ್ ಪ್ಲೇಟಿನ ಮೇಲೆ ಮಸ್ಕತ್ ಎಣ್ಣೆಯಲ್ಲಿ ನೆನೆದ ಕ್ಲಚ್ ಪ್ಲೇಟಿಟ್ಟು, ಅದರ ಮೇಲೆ ಕಡೆಯುವ ಕಲ್ಲಿನ ಗುಂಡಿಟ್ಟು, ಕೊಕ್ಕೆ ಸಿಕ್ಕಿಸಿ ಎಳೆದೆ. ಪ್ಲೇಟು ಜಾರುವಾಗ ಯಂತ್ರ ಎಷ್ಟು ತೋರಿಸುತ್ತದೋ ಅದು ಘರ್ಷಣೆಯ ಲೆಕ್ಕ. ಆಮೇಲೆ ಇನ್ನೊಂದು ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು, ಕಿಟಕಿಯ ಬಾಟಲಿಯ ಸೀಲು ಒಡೆದು ಬೈಕಿನ ಎಣ್ಣೆ ಸವರಿ, ಹಾಗೇ ಎಳೆದೆ.

"ಕಡೆಯುವ ಕಲ್ಲಿಗೂ ಎಣ್ಣೆ ಹಿಡಿಸಿದ್ಯಾ?" ಎಂದು ಒಳಗಿಂದ ಅಮ್ಮ. "ಇನ್ನು ನನ್ನನ್ನೇ ಒಂದು ಸಲ ಬಿಚ್ಚಿ ನೋಡು!"

ಮಸ್ಕತ್ ಎಣ್ಣೆ, ಕಿಲೋ ಲೆಕ್ಕದಲ್ಲಿ: ಒಂದು ಪಾಯಿಂಟ್ ಒಂದು, ಒಂದು ಪಾಯಿಂಟ್ ಆರು, ಪಾಯಿಂಟ್ ಒಂಬತ್ತು. ಬೈಕಿನ ಎಣ್ಣೆ: ಒಂದು ಪಾಯಿಂಟ್ ಮೂರು, ಒಂದು, ಒಂದು ಪಾಯಿಂಟ್ ಐದು. ಕೈ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಎಳೆಯುತ್ತದೆ. ಗುಂಡುಕಲ್ಲು ಒಂದೇ ಕಡೆ ಕೂರುವುದಿಲ್ಲ. ಎರಡು ಎಣ್ಣೆಗಳ ನಡುವಿನ ವ್ಯತ್ಯಾಸಕ್ಕಿಂತ ನನ್ನ ಕೈಯ ತಪ್ಪೇ ದೊಡ್ಡದು. ಎಂಜಿನ್ನಿನೊಳಗಿನ ಬಿಸಿ, ವೇಗ, ಒತ್ತಡ ಯಾವುದೂ ಇಡ್ಲಿ ತಟ್ಟೆಯ ಪಕ್ಕದಲ್ಲಿ ಇರಲಿಲ್ಲ. ಇದು ಪ್ರಯೋಗವೇ ಅಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಎಳೆಯುವ ಮೊದಲು ಹೇಳಬೇಕಿತ್ತು.

"ಎರಡೂ ಒಂದೇ!" ಬೋಜಮಾಮ ಕೈ ತಟ್ಟಿದರು.

"ಬೋಜಣ್ಣ ಗೆದ್ರು," ತಾರಾನಾಥಣ್ಣ ತೀರ್ಪು ಕೊಟ್ಟು ತಿಂಡಿಗೆ ಒಳಗೆ ಹೋದರು.

ಬಾವಿಕಟ್ಟೆಯ ಮೇಲೆ ಹತ್ತು ನಿಮಿಷ ಕೂತೆ. ಮಾಮನ ಬಾಯಿ ಮುಚ್ಚಿಸುವ ಸರಿಯಾದ ಪ್ರಯೋಗ ಒಂದಿತ್ತು. ಬಶೀರಣ್ಣ ಹಾಕಿದ ಪ್ಲೇಟುಗಳನ್ನೇ, ಇದ್ದಂತೆಯೇ, ತಿರುಗಿ ಹಾಕುವುದು. ಸ್ಪ್ರಿಂಗ್ ಮುಟ್ಟುವುದು ಬೇಡ, ಪ್ಲೇಟು ಉಜ್ಜುವುದು ಬೇಡ, ಎಣ್ಣೆ ಮಾತ್ರ ಬದಲಿಸುವುದು. ಹಾಗೆ ಮಾಡಿ ಗುಡ್ಡ ಹತ್ತಿದರೆ ತಪ್ಪು ಎಣ್ಣೆಯದ್ದೇ ಎಂದು ಯಾರೂ ಅಲ್ಲಗಳೆಯುವಂತಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದು ಕಾಲೇಜಿನ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಆ ಹೊಳೆಯುವ ಪ್ಲೇಟುಗಳು ಇನ್ನೊಮ್ಮೆ ಹಿಡಿಯುತ್ತವೆಂದು ಯಾವ ಖಾತ್ರಿಯೂ ಇಲ್ಲ. ಹತ್ತದಿದ್ದರೆ ನನಗೆ ಒಂದು ಚೊಕ್ಕವಾದ ಫಲಿತಾಂಶ ಸಿಗುತ್ತದೆ, ಆ ಐದು ಮನೆಗೆ ಚೈತಾಲಿ ಮೇಡಂನ ಫೋನು ಹೋಗುತ್ತದೆ.

ಎಲ್ಲವನ್ನೂ ಬದಲಿಸಿದರೆ? ಹೊಸ ಪ್ಲೇಟುಗಳನ್ನು ತೊಳೆದು, ಸ್ಟೀಲ್ ಪ್ಲೇಟುಗಳನ್ನು ಉಜ್ಜಿ, ಎಂಜಿನ್ನಿನ ಒಳಗೊಮ್ಮೆ ಸರಿಯಾದ ಎಣ್ಣೆ ಓಡಿಸಿ ಚೆಲ್ಲಿ, ಮತ್ತೆ ಹೊಸ ಎಣ್ಣೆ ತುಂಬಿದರೆ ಗುಡ್ಡ ಹತ್ತುವ ಸಂಭವ ಅತಿ ಹೆಚ್ಚು. ಆದರೆ ಯಾವುದರಿಂದ ಹತ್ತಿತೆಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಬೋಜಮಾಮ ಜೀವಮಾನವಿಡೀ ಗೆದ್ದಂತೆಯೇ ಇರುತ್ತಾರೆ.

ಇದನ್ನು ತೀರ್ಮಾನಿಸಲು ಹತ್ತು ನಿಮಿಷ ಬೇಕಾದದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

"ಮಾಮ," ಎಂದು ಎದ್ದು ಹೋದೆ. "ಪೆಟ್ರೋಲ್ ಬಂಕಿನಿಂದ ಎರಡು ಲೀಟರ್ ಬೈಕಿನ ಎಣ್ಣೆ ತಂದುಕೊಡ್ತೀರಾ? ನನ್ನ ಕೈ ಪೂರ್ತಿ ಪೆಟ್ರೋಲು."

"ಚೀಟಿ ಬರೆದುಕೊಡು."

"ಚೀಟಿ ಎಂತಕ್ಕೆ?"

"ಮಸ್ಕತ್ತಿನಲ್ಲಿ ನಮ್ಮ ಮ್ಯಾಡಂ ಎಲ್ಲದಕ್ಕೂ ಚೀಟಿ ಕೊಡ್ತಿದ್ದಳು. ಚೀಟಿ ಇದ್ದ ಕೆಲಸದಲ್ಲಿ ಬೋಜ ಒಂದು ದಿನ ತಪ್ಪಿದ್ದಿಲ್ಲ." ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದರು, "ನೀನು ನಿನ್ನೆ ಎಣ್ಣೆ ಅಂತ ಮಾತ್ರ ಹೇಳಿದ್ದು."

ಚೀಟಿ ಬರೆದೆ: ಎಣ್ಣೆಯ ದರ್ಜೆ, ಬೈಕಿನ ಎಣ್ಣೆಗೆ ಇರಲೇಬೇಕಾದ 'ಜಾಸೊ ಎಂಎ-ಟು' ಎಂಬ ಗುರುತು ಬಾಟಲಿಯ ಬೆನ್ನಲ್ಲಿ ಎಲ್ಲಿರುತ್ತದೆಂಬ ಸಣ್ಣ ಚಿತ್ರ. ಮಾಮ ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಕಿಸೆಗೆ ಹಾಕಿ, ಕೂದಲು ಬಾಚಿಕೊಂಡು ಹೊರಟರು. ಡ್ಯೂಟಿಗೆ ಹೊರಟ ಹಾಗೆ.

ಅವರು ಹೋದಾಗ ಬಶೀರಣ್ಣನಿಗೆ ಫೋನು ಮಾಡಿದೆ. ಹಿಂದುಗಡೆ ಮದುವೆ ಹಾಲಿನ ಗದ್ದಲ, ಪಾತ್ರೆಗಳ ಸದ್ದು.

"ಬಶೀರಣ್ಣ, ಬಿಚ್ಚಿ ಅಳೆದೆ. ನಿಮ್ಮ ಪ್ಲೇಟು ಸವೆದಿಲ್ಲ. ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

"ಎಣ್ಣೆಯಾ?"

"ಎಣ್ಣೆ ಅಂತ ನನಗೆ ಅನಿಸ್ತದೆ. ಖಂಡಿತ ಅಂತ ಹೇಳ್ಲಿಕ್ಕಾಗುದಿಲ್ಲ."

"ನಾನು ಸೋಮವಾರವೇ ಕೇಳಿದ್ದೆ, ಎಣ್ಣೆ ಎಂತದು ಅಂತ."

"ಕೇಳಿದ್ದೀರಿ."

"ಯಾರೂ ಮುಟ್ಟಲಿಲ್ಲ ಅಂದ್ರಿ."

"ಅಂದೆ."

"ಗಲ್ಫಿನಿಂದ ಯಾರು ಬಂದಿದ್ದಾರೆ ಮನೆಗೆ?"

ಅವರು ನಕ್ಕರು. "ನಮ್ಮಲ್ಲಿ ಭಾವ ಬಂದಾಗ ಮೂರು ಗಾಡಿ ಹೀಗೇ ಆಯ್ತು ಮೇಡಂ. ಪೆಟ್ರೋಲಿನಲ್ಲಿ ಮೂರು ಸಲ ತೊಳೀರಿ, ಎರಡು ಸಲ ಸಾಲ್ಲಿಕ್ಕಿಲ್ಲ. ಇಡ್ತೇನೆ, ಬಿರಿಯಾನಿ ಇಳಿಸ್ತಿದ್ದಾರೆ."

ಮೂರು ಸಲ ತೊಳೆದೆ. ಸೋಪಿನ ನೀರಿನಲ್ಲಿ ಒಮ್ಮೆ, ಬಿಸಿಲಲ್ಲಿ ಒಣಗಿಸಿ, ಕಿಟಕಿಯ ಮೇಲಿದ್ದ ಬಾಟಲಿಯ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಒಂದು ರಾತ್ರಿ ನೆನೆಯಬೇಕಾದದ್ದಕ್ಕೆ ಮೂರು ಗಂಟೆ ಸಿಕ್ಕಿತು. ಮಾಮ ಬೆವತು ಬಂದರು, ಎರಡು ಬಾಟಲಿ, ಎರಡೂ ಸರಿ. ಬಂಕಿನ ಹುಡುಗಿ ಮೊದಲು ಬೇರೇನೋ ಕೊಟ್ಟಳಂತೆ. ಇವರು ಅಲ್ಲಿದ್ದ ಬಾಟಲಿಗಳನ್ನೆಲ್ಲ ಬಿಸಿಲಿಗೆ ತರಿಸಿ ಒಂದೊಂದರ ಬೆನ್ನು ಓದಿಸಿದರಂತೆ. "ಚೀಟಿಯಲ್ಲಿ ಇದ್ದದ್ದೇ ಬೇಕು ಅಂದೆ. ಅವಳು, ಅಜ್ಜ ನಿಮ್ಮದು ಎಂತ ವಿಮಾನವಾ ಅಂತ ಕೇಳಿದಳು."

ಜೋಡಿಸುವಾಗ ಅವರು ಪಕ್ಕದಲ್ಲಿ ಟಾರ್ಚು ಹಿಡಿದು ಕೂತರು. ಒಂದು ಸ್ಟೀಲು, ಒಂದು ಕ್ಲಚ್, ಒಂದು ಸ್ಟೀಲು. ಸ್ಪ್ರಿಂಗಿನ ಬೋಲ್ಟುಗಳನ್ನು ನಾನು ಸಾಲಾಗಿ ಬಿಗಿಯಲು ಹೊರಟಾಗ ಅವರ ಕೈ ಅಡ್ಡ ಬಂತು. "ಎದುರುಬದುರು ಮಗಾ. ಇದನ್ನು ಸ್ವಲ್ಪ, ಅದನ್ನು ಸ್ವಲ್ಪ. ಚಕ್ರದ ನಟ್ಟಿನ ಹಾಗೆ." ಪುಸ್ತಕದ ಹದಿಮೂರನೆಯ ಹಂತದಲ್ಲೂ ಅದೇ ಇತ್ತು, ನಾನು ಹಾರಿಸಿದ್ದೆ. ಹೇಳಲಿಲ್ಲ. ಇವತ್ತಿನ ದಿನಕ್ಕೆ ಅವರ ಗೆಲುವು ಸಾಕಷ್ಟಾಗಿತ್ತು.

ಸಂಜೆ ಐದಕ್ಕೆ ಅವರನ್ನು ಹಿಂದೆ ಕೂರಿಸಿಕೊಂಡು ಕದ್ರಿ ಕಡೆಯ ಏರು ಹತ್ತಿದೆ. ಹಿಡಿಯಿತು. ಅದರಿಂದ ಏನೂ ಗೊತ್ತಾಗುವುದಿಲ್ಲ. ಹೋದ ಸೋಮವಾರವೂ ಮೊದಲ ಅರ್ಧ ಗಂಟೆ ಹಿಡಿದಿತ್ತು, ಎಂಜಿನ್ ಚೆನ್ನಾಗಿ ಕಾದ ಮೇಲೇ ಜಾರಿದ್ದು. ವಾಪಸು ಬಂದು ಇನ್ನೊಂದು ಚೀಟಿ ಬರೆದೆ: "ಈ ಬೈಕಿಗೆ ದೀಕ್ಷಿತಾ ಹೇಳದೆ ಯಾವ ಎಣ್ಣೆಯನ್ನೂ ಹಾಕಬಾರದು. ತಲೆಗೆ ಹಾಕುವ ಎಣ್ಣೆಯನ್ನೂ." ಮಾಮ ಓದಿ, ಕೊನೆಯ ಸಾಲಿಗೆ ಮುಖ ಸಿಂಡರಿಸಿ, ಮಡಚಿ ಅದೇ ಕಿಸೆಗೆ ಹಾಕಿಕೊಂಡರು. ಉಳಿದ ಮಸ್ಕತ್ ಎಣ್ಣೆಯ ಕ್ಯಾನನ್ನು ತಾರಾನಾಥಣ್ಣನ ಕಾರಿಗೆ ಕೊಡೋಣವೇ ಎಂದು ನಾನು ಕೇಳಿದ್ದು ಮಾತ್ರ ಅವರಿಗೆ ಕೇಳಿಸಲಿಲ್ಲ.

ಸೋಮವಾರ ಐದೂಮುಕ್ಕಾಲಕ್ಕೆ ಹೊರಟೆ. ಮೊದಲನೆಯ ಮನೆ, ಎರಡನೆಯದು. ಮೂರನೆಯ ಮನೆಯ ಇಳಿಜಾರಿನಿಂದ ಮೇಲೆ ಬರುವಾಗ ಎಂಜಿನ್ನಿನ ಸದ್ದು ಸ್ವಲ್ಪ ಏರಿದಂತೆ ಕೇಳಿತು. ಗೇರು ನಾನೇ ತಪ್ಪು ಹಾಕಿದ್ದೆ. ನಾಲ್ಕನೆಯ ಮನೆ ಮುಗಿದಾಗ ಏಳು ಹದಿನೈದು. ಎಂಜಿನ್ನಿನ ಬಿಸಿ ಮೊಣಕಾಲಿಗೆ ತಾಗುತ್ತಿತ್ತು.

ಬಾಸಿಲ್ ಅಂಕಲ್ ಮನೆಯ ಏರು ಮುನ್ನೂರು ಮೀಟರ್ ಇರಬಹುದು. ಹಳೆಯ ಕಲ್ಲು ಕೋರೆಯ ಲಾರಿಗಳು ಬಿಟ್ಟುಹೋದ ಎರಡು ಆಳದ ಚಡಿ, ನಡುವೆ ಬೋಳುಕಲ್ಲು. ಹೋದ ವಾರ ನಿಂತ ಜಾಗ ಅರ್ಧದಲ್ಲಿರುವ ಗೇರುಮರ. ಮೊದಲ ಗೇರಿನಲ್ಲಿ, ಕಾಲಿಡುವ ಪೆಗ್ಗುಗಳ ಮೇಲೆ ಎದ್ದು ನಿಂತು, ಕ್ಲಚ್ಚಿನ ಹಿಡಿಯಿಂದ ಬೆರಳು ಪೂರ್ತಿ ತೆಗೆದೆ. ಹಿಂದಿನ ಚಕ್ರ ಒಂದು ಕಲ್ಲನ್ನು ಹಿಂದಕ್ಕೆ ಒದ್ದಿತು. ಒದೆಯಬೇಕಾದರೆ ಶಕ್ತಿ ಅಲ್ಲಿಯವರೆಗೆ ಬರಬೇಕು. ಗೇರುಮರ ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಮೇಲೆ ಅಂಗಳದಲ್ಲಿ ಎಂಜಿನ್ ನಿಲ್ಲಿಸಿದಾಗ ನನ್ನ ಹಲ್ಲು ನೋಯುತ್ತಿತ್ತು, ಅಷ್ಟು ಕಚ್ಚಿ ಹಿಡಿದಿದ್ದೆ.

ಬಾಸಿಲ್ ಅಂಕಲ್ ಜಗಲಿಯ ಕುರ್ಚಿಯಲ್ಲಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಕಾಯುತ್ತಿದ್ದರು.

"ಬಂದ್ಯಾ? ಹೋದ ವಾರ ಕೆಳಗೆ ನಿನ್ನ ಗಾಡಿ ಕೂಗುವುದು ಕೇಳ್ತಿತ್ತು. ಹಂದಿ ಹಿಡಿದ ಹಾಗೆ. ಆಮೇಲೆ ನಿಂತಿತು. ನಾನು ಮಾತ್ರೆ ಒಂದಾ ಒಂದೂವರೆಯಾ ಗೊತ್ತಾಗದೆ ಅಂದಾಜಿಗೆ ನುಂಗಿದೆ."

"ಅಂದಾಜಿಗೆ ಬೇಡ ಅಂಕಲ್."

"ಮತ್ತೆ ಎಂತ ಮಾಡುವುದು, ಬೀದಿಗೆ ಹಾರುವುದಾ?"

ಅವರ ಮುಂಗೈಯಲ್ಲಿ ಒಂದು ರೂಪಾಯಿ ನಾಣ್ಯದಗಲ ಎರಡು ನೀಲಿ ಕಲೆಗಳಿದ್ದವು. ಎಲ್ಲಿಗೂ ತಾಗಿದ್ದು ನೆನಪಿಲ್ಲವೆಂದರು. ಮಾತ್ರೆ ಹೆಚ್ಚಾದರೆ ಹೀಗೆ ಕಾಣಬಹುದು. ಪಟ್ಟಿ ಕಟ್ಟಿ, ರಕ್ತನಾಳ ಹುಡುಕಿ, ಸೂಜಿ ಹಾಕಿದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸರಿಯಾಗಿ ಗೆರೆಯವರೆಗೆ ಏರಿತು. ಸೂಜಿ ತೆಗೆದ ಜಾಗವನ್ನು ಅವರ ಬೆರಳಿನಿಂದಲೇ ಒತ್ತಿ ಹಿಡಿಸಿ, ಎಡಗೈಯಲ್ಲಿ ಚೈತಾಲಿ ಮೇಡಂಗೆ ಸಂದೇಶ ಕಳಿಸಿದೆ: ಐದರಲ್ಲಿ ಐದು, ಏಳು ಮೂವತ್ತೆಂಟು, ಐದನೆಯವರ ವರದಿ ಬಂದ ಕೂಡಲೇ ಡಾಕ್ಟರಿಗೆ ಫೋನು ಮಾಡಬೇಕು. ಆಯ್ತು, ಬಂದ ಕೂಡಲೇ ಮೊದಲು ಅದನ್ನೇ ಹಾಕಿಸ್ತೇನೆ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು: ಮುಂದಿನ ವಾರದಿಂದ ಆ ಬದಿಯಲ್ಲಿ ಆರನೆಯ ಮನೆ ಉಂಟು.

ಆಗ ಫೋನು ಹೊಡೆದುಕೊಂಡಿತು. ಬೋಜಮಾಮ. ಬಿಟ್ಟೆ. ಮತ್ತೆ ಹೊಡೆದುಕೊಂಡಿತು.

"ತೆಗಿ ಮಾರಾಯ್ತಿ," ಬಾಸಿಲ್ ಅಂಕಲ್ ಹೇಳಿದರು. "ಇಲ್ಲದಿದ್ರೆ ನನಗೆ ಪ್ರೆಶರೂ ಏರ್ತದೆ."

ಸ್ಪೀಕರಿಗೆ ಹಾಕಿ ಫೋನನ್ನು ಜಗಲಿಯ ದಂಡೆಯ ಮೇಲಿಟ್ಟೆ, ಟ್ಯೂಬು ಕೈಯಲ್ಲೇ ಇತ್ತು.

"ಮಗಾ, ಹತ್ತಿತಾ?"

"ಹತ್ತಿತು ಮಾಮ."

"ಜಾರಲಿಲ್ಲ?"

"ಇಲ್ಲ."

"ಹೇಳಿದ್ದಲ್ವಾ! ಒಂದು ರಾತ್ರಿ ಪೂರ್ತಿ ಮಸ್ಕತ್ತಿನ ಎಣ್ಣೆ ಕುಡಿದ ಪ್ಲೇಟದು! ನೀನು ಎಷ್ಟು ತೊಳೆದ್ರೂ ಒಳಗೆ ಹೋದದ್ದು ಎಲ್ಲಿಗೆ ಹೋಗ್ತದೆ? ನಾನು ತಾರಾನಾಥಣ್ಣನಿಗೆ ಆಗ್ಲೇ ಹೇಳಿದ್ದೇನೆ."

ಈ ಟ್ಯೂಬಿನ ತಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಇರುತ್ತದೆ. ಅದು ಬೆರೆಯಲು ಟ್ಯೂಬನ್ನು ನಾಲ್ಕು ಸಲ ತಲೆಕೆಳಗು ಮಾಡಬೇಕು, ನಿಧಾನವಾಗಿ, ಗುಳ್ಳೆ ಏಳದ ಹಾಗೆ. ಅಲ್ಲಾಡಿಸಿದರೆ ಮಾದರಿ ಕೆಡುತ್ತದೆ. ಎಷ್ಟೇ ಅವಸರವಿರಲಿ, ಎಷ್ಟೇ ಸಿಟ್ಟಿರಲಿ, ಅಲ್ಲಾಡಿಸಲಿಕ್ಕಿಲ್ಲ.

ಒಂದು. ಎರಡು.

"ಕೇಳ್ತಾ ಉಂಟಾ ಮಗಾ?"

"ಕೇಳ್ತಾ ಉಂಟು ಮಾಮ," ಎಂದೆ. ಮೂರು. ನಾಲ್ಕು.